ತಗಿ ಅಂದರೆ ಯಾವ ತಗಿ

ಕಂಪ್ಯೂಟರಿನ ಪರದೆಯಲ್ಲಿ ಮಾತಿನ ಮೇಡಂ ಆನೆಯ ಚಿತ್ರ ಎತ್ತಿ ಹಿಡಿದಿದ್ದರು. ನಮ್ಮ ಯಜಮಾನರ ಬಾಯಿ ತೆರೆದಿತ್ತು. ಗಂಟಲಲ್ಲಿ ಏನೋ ಒಂದು ಸದ್ದು ಹೊರಡುವ ಹಾಗಿತ್ತು. ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ನಾನು ಕೂತಿದ್ದೆ. ಅಷ್ಟರಲ್ಲಿ ಕಂಪ್ಯೂಟರು ಟಿಣ್ ಅಂದಿತು. ಪರದೆಯ ಬಲಮೂಲೆಯಿಂದ ಒಂದು ಚೌಕ ಮೇಲೆದ್ದು ಬಂದು ಆನೆಯ ಸೊಂಡಿಲನ್ನೂ ಮೇಡಂ ಅವರ ತುಟಿಯನ್ನೂ ಒಟ್ಟಿಗೇ ಮುಚ್ಚಿತು. ಹೊಸ ಆವೃತ್ತಿ ಬಂದಿದೆ, ಈಗಲೇ ಹಾಕಿಕೊಳ್ಳುತ್ತೀರೋ, ನಂತರ ನೆನಪಿಸಲೋ ಎಂದು ಅದರ ಪ್ರಶ್ನೆ. ಯಜಮಾನರ ಕಣ್ಣು ಆನೆಯನ್ನು ಬಿಟ್ಟು ಆ ಚೌಕಕ್ಕೆ ಹೋಯಿತು. ಬಾಯಿ ಮುಚ್ಚಿತು. ಬರುತ್ತಿದ್ದ ಮಾತು ಬಂದ ದಾರಿಯಲ್ಲೇ ವಾಪಸ್ಸು ಹೋಯಿತು.

ಆ ಚೌಕ ಯಾವುದರದ್ದು ಅಂತ ಆಮೇಲೆ ಓದಿ ನೋಡಿದೆ. ಗುಜರಿಗೆ ಹಾಕಿ ವರ್ಷಗಳೇ ಆಗಿದ್ದ ಒಂದು ಪ್ರಿಂಟರಿನದು. ಪ್ರಿಂಟರು ಕರಗಿ ಯಾವ ಊರಿನ ಬಕೆಟ್ಟಾಗಿದೆಯೋ ಏನೋ, ಅದರ ಅಪ್‌ಡೇಟರ್ ಮಾತ್ರ ನಮ್ಮ ಮನೆಯಲ್ಲೇ ಉಳಿದುಬಿಟ್ಟಿತ್ತು. ಕಂಪ್ಯೂಟರಿಗೆ ಏನೇ ಹೊಸ ಸಾಮಾನು ಜೋಡಿಸಲಿ, ಅದರ ಬೆನ್ನಿಗೇ ಇಂಥದೊಂದು ಒಳಗೆ ಬರುತ್ತದೆ. ತನ್ನ ಧಣಿಗೆ ಹೊಸ ಬಟ್ಟೆ ಬಂದಿದೆಯೇ ಅಂತ ದಿನಾ ಹೊರಗೆ ವಿಚಾರಿಸಿಕೊಂಡು ಬರುವುದು, ಬಂದಿದ್ದರೆ ಮನೆಯವರನ್ನೆಲ್ಲ ಕರೆದು ಹೇಳುವುದು, ಇಷ್ಟೇ ಅದರ ಕಸುಬು. ಧಣಿ ಸತ್ತದ್ದನ್ನು ಅದಕ್ಕೆ ಯಾರೂ ತಿಳಿಸಿರಲಿಲ್ಲ. ಅಂಥವು ನಮ್ಮ ಕಂಪ್ಯೂಟರಿನಲ್ಲಿ ಒಂದಲ್ಲ, ಒಂದು ಹಿಂಡೇ ಇದ್ದವು.

ಅವು ಎಲ್ಲಿಂದ ಬಂದವು ಅಂತ ಹೇಳಬೇಕಾದರೆ ಯಜಮಾನರ ಅಂಗಡಿಯ ವಿಷಯ ಹೇಳಬೇಕು. ಮದ್ದೂರಿನಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ಅವರದೊಂದು ಡಿಟಿಪಿ ಅಂಗಡಿ ಇತ್ತು. ಅರ್ಜಿ, ಕರಾರು, ತಿಥಿ ಕಾರ್ಡು ಎಲ್ಲ ಟೈಪು ಮಾಡಿಕೊಡುತ್ತಿದ್ದರು. ಆದರೆ ಅವರಿಗೆ ಹೆಸರು ಬಂದದ್ದು ಮದುವೆ ಲಗ್ನಪತ್ರಿಕೆಯಿಂದ. ಬೆಸಗರಹಳ್ಳಿಯ ಅವರ ಸ್ವಂತ ಊರಿನಿಂದ ಹಿಡಿದು ಮಳವಳ್ಳಿಯ ಆಚೆಗಿನ ಹಳ್ಳಿಗಳವರೆಗೆ ಎಷ್ಟೋ ಮದುವೆಗಳು ಅವರ ಕಂಪ್ಯೂಟರಿನಲ್ಲೇ ಮೊದಲು ಆದವು ಅಂತ ಅವರ ಜಂಬ. ಆ ಅಂಗಡಿಯಲ್ಲಿ ಯಾರು ಬಂದು ಏನು ಹಾಕಿಕೊಳ್ಳಿ ಅಂದರೂ ಇವರು ಬೇಡ ಅಂದವರಲ್ಲ. ಪ್ರಿಂಟರಿನವನು ಬಂದ, ಹಾಕು. ಸ್ಕ್ಯಾನರಿನವನು ಬಂದ, ಹಾಕು. ಫೋಟೋ ಬೆಳ್ಳಗೆ ಮಾಡುವ ತಂತ್ರಾಂಶವಂತೆ, ಹಾಕು ಕಣಪ್ಪ, ಕೂತ್ಕೊ, ಟೀ ಕುಡಿ. ಪರದೆಯ ಮೇಲೆ ಯಾವ ಚೌಕ ಬಂದು ಕೇಳಿದರೂ ‘ಎಸ್’ ಒತ್ತುವುದೇ ಅವರ ಅಭ್ಯಾಸ. ಮನೆ ಬಾಗಿಲಿಗೆ ಬಂದವರನ್ನು ಇಲ್ಲ ಅಂತ ಕಳಿಸಬಾರದು ಅನ್ನುವ ಧಾಟಿಯಲ್ಲೇ ಒತ್ತುತ್ತಿದ್ದರು.

ಒಂದು ಬೆಳಿಗ್ಗೆ ಮಂಡ್ಯದ ಗುತ್ತಲಿನ ನಮ್ಮ ಮನೆಯ ಬಚ್ಚಲಲ್ಲಿ ಅವರು ಕುಸಿದು ಬಿದ್ದರು. ಲಕ್ವ. ಬಲಗಾಲು, ಬಲಗೈ, ಮಾತು ಮೂರೂ ಒಟ್ಟಿಗೆ ಹೋದವು. ಕಾಲು ಬೇಗ ಬಂತು, ಕೈ ಅರ್ಧ ಬಂತು. ಒಂದೇ ಒಂದು ಪದ ಬಿಟ್ಟರೆ ಮಾತು ಬರಲಿಲ್ಲ. ಬುದ್ಧಿಗೇನೂ ಆಗಿಲ್ಲ, ನಾವು ಹೇಳುವುದೆಲ್ಲ ತಿಳಿಯುತ್ತದೆ, ಹೇಳಬೇಕಾದದ್ದು ಒಳಗೆ ಇದೆ, ಹೊರಗೆ ಬರುವ ದಾರಿ ಕಟ್ಟಿದೆ ಅಂತ ಡಾಕ್ಟರು ಹೇಳಿದರು. ಇನ್ನೊಂದನ್ನೂ ಹೇಳಿದರು. ಮೊದಲ ಕೆಲವು ತಿಂಗಳಲ್ಲಿ ಬಂದಷ್ಟು ಮಾತು ಆಮೇಲೆ ಬರುವುದು ಕಷ್ಟ, ಈಗ ಬಿಡದೆ ಅಭ್ಯಾಸ ಮಾಡಿಸಬೇಕು ಅಂದರು. ಅಂಗಡಿ ಮುಚ್ಚಿದೆವು. ಅದರ ಕಂಪ್ಯೂಟರನ್ನು ಆಟೋದಲ್ಲಿ ಮನೆಗೆ ತಂದು ಹಜಾರದ ಮೂಲೆಯಲ್ಲಿ ಇಟ್ಟೆವು.

ಮೈಸೂರಿನಲ್ಲಿ ಕೂತು ಕಂಪ್ಯೂಟರಿನ ಮೂಲಕ ಮಾತು ಕಲಿಸುವ ಒಬ್ಬ ಥೆರಪಿಸ್ಟ್ ಸಿಕ್ಕರು. ನಮ್ಮ ಮನೆಯಲ್ಲಿ ಅವರಿಗೆ ಮಾತಿನ ಮೇಡಂ ಅಂತಲೇ ಹೆಸರು. ಮಂಗಳವಾರ, ಶನಿವಾರ ಮಧ್ಯಾಹ್ನ ಪಾಠ. ಫೋನು ಆಗುವುದಿಲ್ಲ, ತಮ್ಮ ತುಟಿ ಹೇಗೆ ಆಡುತ್ತದೆ ಅಂತ ಯಜಮಾನರಿಗೆ ದೊಡ್ಡದಾಗಿ ಕಾಣಬೇಕು ಅಂದರು. ಅವರಲ್ಲಿಗೆ ಕಾಯುತ್ತಿರುವವರ ಸಾಲೇ ಇದೆ. ಮೇಲಿಂದ ಮೇಲೆ ಪಾಠ ತಪ್ಪಿದರೆ ಆ ಹೊತ್ತನ್ನು ಬೇರೊಬ್ಬ ರೋಗಿಗೆ ಕೊಡಬೇಕಾಗುತ್ತದೆ ಅಂತ ಮೊದಲೇ ಮೃದುವಾಗಿ ತಿಳಿಸಿದ್ದರು. ಆ ಮೃದು ದನಿ ಕೇಳಿಯೇ ನನಗೆ ಭಯವಾಗಿತ್ತು.

ಅವರು ಕರಾವಳಿ ಕಡೆಯವರು, ಅಚ್ಚುಕಟ್ಟಾದ ಪುಸ್ತಕದ ಕನ್ನಡ. ಒಂದು ಸಲ ಹಾಲಿನ ಲೋಟದ ಚಿತ್ರ ತೋರಿಸಿ ತಾವೇ ‘ಹಾ... ಹಾ...’ ಅಂತ ಶುರುಮಾಡಿಕೊಟ್ಟರು. ಇವರು ಬಹಳ ಕಷ್ಟಪಟ್ಟು ‘ಆ’ ಅಂದರು. ಮೇಡಂ ಬೇಸರದಿಂದ, “ಹಕಾರ ಪೂರ್ತಿ ಹೋಗಿದೆ ಮೇಡಂ, ಅದಕ್ಕೆ ಬೇರೆಯೇ ವ್ಯಾಯಾಮ ಕೊಡುತ್ತೇನೆ,” ಅಂದರು. ನಾನು ತಡೆದು ಹೇಳಿದೆ. “ಅದು ಲಕ್ವದಿಂದ ಹೋದದ್ದಲ್ಲ ಮೇಡಂ. ಹುಟ್ಟಿದಾಗಿನಿಂದ ಇವರು ಆಲು ಅಂತಲೇ ಕುಡಿದಿರೋದು.” ಯಜಮಾನರ ಎಡಗಡೆಯ ತುಟಿ ನಕ್ಕಿತು. ಲಕ್ವ ಹೊಡೆದ ಮೇಲೆ ಅವರು ನಕ್ಕದ್ದು ನಾನು ನೋಡಿದ್ದು ಆವತ್ತೇ. ಒಳಗಿದ್ದಾರೆ, ಪೂರ್ತಿ ಒಳಗಿದ್ದಾರೆ ಅಂತ ಗೊತ್ತಾಗಿ ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಂಡು ಬಂದೆ.

ಇಂಥ ಪಾಠದ ನಡುವೆ ಆ ಚೌಕಗಳು. ಒಂದು ಮುಚ್ಚಿದರೆ ಇನ್ನೊಂದು. ಪ್ರಿಂಟರಿನದು ಹೋಯಿತು ಅನ್ನುವಾಗ ಹಾಡು ಕೇಳಿಸುವ ತಂತ್ರಾಂಶದ್ದು. ಅದು ಹೋದರೆ ವೈರಸ್ ಕಾಯುವವನದು, ಕೆಂಪು ಬಣ್ಣದಲ್ಲಿ, ನಿಮ್ಮ ರಕ್ಷಣೆಯ ಅವಧಿ ಮುಗಿದಿದೆ ಅಂತ. ಅದನ್ನು ನೋಡಿದಾಗಲೆಲ್ಲ, ಅವಧಿ ಮುಗಿಯುತ್ತಿದೆ ಅನ್ನುವುದನ್ನು ಡಾಕ್ಟರು ಹೇಳಿದ್ದು ಸಾಲದೆ ಈ ಹಾಳು ಪೆಟ್ಟಿಗೆಯಿಂದಲೂ ಕೇಳಬೇಕಾಗಿತ್ತೇ ಅನ್ನಿಸುತ್ತಿತ್ತು. ಇವೆಲ್ಲ ಒಟ್ಟಿಗೆ ಹೊರಗೆ ವಿಚಾರಿಸಲು ಹೋದಾಗ ಕಂಪ್ಯೂಟರಿನ ಫ್ಯಾನು ಹಿಟ್ಟಿನ ಗಿರಣಿಯ ಹಾಗೆ ಬೊಬ್ಬೆ ಹಾಕುತ್ತಿತ್ತು, ಮೇಡಂ ಮುಖ ನಿಂತಲ್ಲೇ ನಿಲ್ಲುತ್ತಿತ್ತು. ಅರ್ಧ ತೆರೆದ ಬಾಯಿಯ ಆ ಮುಖವನ್ನು ಯಜಮಾನರು ಪಾಠವೆಂದೇ ತಿಳಿದು ತಾವೂ ಬಾಯಿ ಅರ್ಧ ತೆರೆದು ಕಾಯುತ್ತಿದ್ದರು. ನನಗೆ ಆ ಕಂಪ್ಯೂಟರನ್ನು ಎತ್ತಿ ಬೀದಿಗೆ ಎಸೆಯಬೇಕು ಅನ್ನುವಷ್ಟು ಸಿಟ್ಟು ಬರುತ್ತಿತ್ತು.

ಮಂಡ್ಯದಲ್ಲೇ ಒಬ್ಬ ರಿಪೇರಿಯವನಿಗೆ ತೋರಿಸಿದೆ. ಅವನು ತಲೆ ಎತ್ತದೆ, “ಪೂರ್ತಿ ಒರಸಿ ಹೊಸದಾಗಿ ಹಾಕ್ಬೇಕು ಮೇಡಂ, ಒಳಗಿರೋದೆಲ್ಲ ಹೋಯ್ತದೆ,” ಅಂದ. ಒಳಗಿರೋದೆಲ್ಲ ಹೋಗುವ ಮಾತನ್ನು ಕೇಳುವ ಶಕ್ತಿ ಆಗ ನನಗಿರಲಿಲ್ಲ. ಕಂಪ್ಯೂಟರನ್ನು ವಾಪಸ್ಸು ತಂದೆ.

ನಾನು ಮಳವಳ್ಳಿಯ ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಡುವವಳು. ಇದ್ದಬದ್ದ ರಜೆಯೆಲ್ಲ ಆಸ್ಪತ್ರೆಯಲ್ಲೇ ಕರಗಿತ್ತು. ಶನಿವಾರ ಅರ್ಧ ದಿನ, ಓಡಿಬಂದು ಪಾಠಕ್ಕೆ ಕೂರುತ್ತಿದ್ದೆ. ಮಂಗಳವಾರಕ್ಕೆ ಮೈದುನ. ಯಜಮಾನರ ತಮ್ಮ, ಬೆಸಗರಹಳ್ಳಿಯಲ್ಲಿ ಹೊಲಗದ್ದೆ ನೋಡಿಕೊಂಡಿರುವವನು. ಬೆಳಿಗ್ಗೆ ಹಾಲು ಕರೆದು, ಮದ್ದೂರಿಗೆ ಬಂದು, ಅಲ್ಲಿಂದ ಬಸ್ಸು ಬದಲಾಯಿಸಿ, ಹನಕೆರೆ ದಾಟಿದಾಗ ಒಂದು ಫೋನು ಮಾಡಿ, ಅಣ್ಣನ ಪಕ್ಕದಲ್ಲಿ ಬಂದು ಕೂರುತ್ತಿದ್ದ. ಅಣ್ಣನ ಮೇಲೆ ಪ್ರಾಣ. ಆದರೆ ಅದುವರೆಗೆ ಮೌಸ್ ಮುಟ್ಟಿದವನಲ್ಲ.

ಒಂದು ಮಂಗಳವಾರ ನಾನು ತರಗತಿಯಲ್ಲಿದ್ದಾಗ ಅವನ ಫೋನು ಬಂತು. ವರಾಂಡಕ್ಕೆ ಬಂದು ಎತ್ತಿದೆ.

“ಅತ್ಗೆ, ಏನೋ ಪೆಟ್ಗೆ ತರ ಅಡ್ಡ ಬಂದದೆ. ಮೇಡಮ್ಮಾರ ಮೊಕವೇ ಕಾಣಾಕಿಲ್ಲ. ಅಣ್ಣ ಬ್ಯಾರೆ ತಗಿ ತಗಿ ಅಂತಾವ್ನೆ.”

“ಅದನ್ನ ತಗಿಯಪ್ಪ ಮೊದಲು,” ಅಂದೆ.

“ತಗೀಲಾ?”

“ತಗಿ ಅಂದ್ನಲ್ಲ.”

ಮೌಸ್ ಟಕ್ ಅಂದದ್ದು ಕೇಳಿಸಿತು. ಆಮೇಲೆ, “ತಗ್ದೆ ಕಣತ್ಗೆ. ಈಗ ಇನ್ನೊಂದು ಪೆಟ್ಗೆ ಬಂತು. ಎಸ್ ಅಂತ ಬರ್ದದೆ.”

“ಅದನ್ನೂ ತಗಿ.”

“ಅದ್ನೂ ತಗ್ದೆ,” ಅಂದ. ಆಮೇಲೆ ಅವನ ದನಿ ಸಣ್ಣದಾಯಿತು. “ಅತ್ಗೆ, ಎಲ್ಲಾ ನೀಲಿ ಆಗೋಯ್ತು. ಮಧ್ಯದಲ್ಲಿ ಏನೋ ಗಿರಗಿರ ತಿರುಗ್ತಾ ಅದೆ. ಆಫ್ ಮಾಡ್ಬ್ಯಾಡಿ ಅಂತ ಬರ್ದದೆ. ಮೇಡಮ್ಮ ಎಲ್ಲೂ ಇಲ್ಲ.”

ನನಗೆ ಆಗ ಅರ್ಥವಾಯಿತು. ನಾನು ತಗಿ ಅಂದದ್ದು ಕಿತ್ತುಹಾಕು ಅಂತ. ಅವನು ತೆಗೆದದ್ದು ಬಾಗಿಲು ತಗಿಯುವ ಹಾಗೆ. ಪ್ರತಿಯೊಂದನ್ನೂ ಒತ್ತಿ, ತೆರೆದು, ಒಳಗೆ ಕರೆದು ಕೂರಿಸಿದ್ದ. ಆ ಮಧ್ಯಾಹ್ನವೆಲ್ಲ ಇಲ್ಲದ ಪ್ರಿಂಟರಿಗೆ ಕಂಪ್ಯೂಟರು ಹೊಸ ಬಟ್ಟೆ ಹೊಲಿಯುತ್ತ ಕೂತಿತ್ತು. ಪಾಠ ಹೋಯಿತು. ಸಂಜೆ ಮಾತಿನ ಮೇಡಂ ಅವರಿಂದ ಸಂದೇಶ ಬಂತು. ಇನ್ನೊಮ್ಮೆ ಹೀಗಾದರೆ ಈ ಹೊತ್ತನ್ನು ಉಳಿಸಿಕೊಳ್ಳುವುದು ತಮಗೆ ಕಷ್ಟ, ದಯವಿಟ್ಟು ಕಂಪ್ಯೂಟರಿನದು ಏನಾದರೂ ಮಾಡಿ ಅಂತ. ಮಳವಳ್ಳಿಯಿಂದ ಬಸ್ಸಿನಲ್ಲಿ ನಿಂತುಕೊಂಡೇ ಅದನ್ನು ಓದಿದೆ.

ಮನೆಗೆ ಬಂದವಳೇ ಮೈದುನನನ್ನು ಹಿಡಿದುಕೊಂಡೆ. “ತಗಿ ಅಂದ್ರೆ ತಗಿಯೋದು ಅಂತ ಗೊತ್ತಾಗಲ್ವಾ ನಿಂಗೆ?”

ಅವನೇನೂ ಸುಮ್ಮನಿರುವ ಆಸಾಮಿಯಲ್ಲ. “ತಗ್ದೆ ತಾನೆ ಅತ್ಗೆ? ಬಾಗ್ಲು ತಗಿ ಅಂದ್ರೆ ನೀವೇನ್ ಮಾಡ್ತೀರಿ? ಬಾಗ್ಲನ್ನೇ ಕಿತ್ತು ಬೀದಿಗೆ ಎಸಿತೀರಾ? ನೀವು ಮಕ್ಕಳಿಗೆ ಕನ್ನಡ ಹೇಳ್ಕೊಡೋರು. ಸರ್ಯಾಗಿ ಹೇಳಿ ಮತ್ತೆ.”

ಒಂದು ಪದಕ್ಕೆ ಹಲವು ಅರ್ಥ ಅನ್ನುವ ಪಾಠವನ್ನು ಪ್ರತಿ ವರ್ಷ ಮಾಡುವವಳು ನಾನು. ಕಪ್ಪುಹಲಗೆಯ ಮೇಲೆ ಅದು ಎಷ್ಟು ಚೆಂದ. ಮಕ್ಕಳು ನಗುತ್ತಾರೆ, ನಾನೂ ನಗುತ್ತೇನೆ.

ಮನೆಯಲ್ಲಿ ಆ ಪದ ನನಗೆ ನಗು ತರಿಸುತ್ತಿರಲಿಲ್ಲ. ಯಾಕೆಂದರೆ ಯಜಮಾನರ ಬಾಯಲ್ಲಿ ಉಳಿದಿದ್ದದ್ದು ಅದೊಂದೇ ಮಾತು. ತಗಿ. ಎಲ್ಲ ಮಾತೂ ಹೋಗಿ ಅದೊಂದು ಮಾತ್ರ ಯಾಕೆ ಉಳಿಯಿತು ಅಂತ ಮಾತಿನ ಮೇಡಂಗೂ ಗೊತ್ತಿಲ್ಲ. ಕೆಲವರಿಗೆ ಒಂದು ಬೈಗುಳ ಉಳಿಯುತ್ತದೆಯಂತೆ, ಕೆಲವರಿಗೆ ದೇವರ ಹೆಸರು. ಇವರಿಗೆ ತಗಿ. ಕಿಟಕಿ ನೋಡಿ ತಗಿ ಅಂದರೆ ತೆರೆಯಬೇಕು. ಸ್ವೆಟರು ಹಿಡಿದು ತಗಿ ಅಂದರೆ ಬಿಚ್ಚಬೇಕು. ತಟ್ಟೆ ನೋಡಿ ತಗಿ ಅಂದರೆ ಸಾಕು, ಎತ್ತಿಕೊಂಡು ಹೋಗು ಅಂತಲೋ, ಮುಚ್ಚಿಟ್ಟದ್ದನ್ನು ತೆಗೆದು ಬಡಿಸು ಅಂತಲೋ, ಅದನ್ನು ಮುಖ ನೋಡಿ ಕಂಡುಕೊಳ್ಳಬೇಕು. ತಪ್ಪು ಮಾಡಿದರೆ ಅದೇ ಮಾತನ್ನು ಇನ್ನೂ ಜೋರಾಗಿ ಹೇಳುತ್ತಿದ್ದರು. ಎಷ್ಟೋ ಸಲ ನಾನೂ ಜೋರಾಗಿ, “ಯಾವ ತಗಿ ಅಂತ ಹೇಳ್ರೀ,” ಅಂತ ಕಿರುಚಿದ್ದೇನೆ. ಹೇಳಲಾರದವರನ್ನು ಹೇಳಿ ಅಂತ ಕಿರುಚುವುದು ಎಂಥ ಮೂರ್ಖತನ ಅಂತ ಬಾಯಿಂದ ಹೊರಟ ಮೇಲೆ ಗೊತ್ತಾಗುತ್ತಿತ್ತು.

ಆ ಸಂದೇಶ ಬಂದ ಮೇಲಿನ ಭಾನುವಾರ ನಾನೇ ಸೀರೆ ಸೆರಗು ಸಿಕ್ಕಿಸಿಕೊಂಡು ಕೂತೆ. ಶನಿವಾರದ ಪಾಠ ಹೇಗೋ ಆಗಿತ್ತು, ಮೂರು ಚೌಕ ಬಂದು ಹೋಗಿದ್ದವು. ಇನ್ನು ಇದನ್ನು ಬಗೆಹರಿಸದೆ ಏಳುವುದಿಲ್ಲ ಅಂದುಕೊಂಡೆ. ಮೈದುನ ರಾತ್ರಿ ಉಳಿದುಕೊಂಡಿದ್ದವನು ಬಾಗಿಲ ಹತ್ತಿರ ಕೂತು ಅವರೆಕಾಯಿ ಸುಲಿಯುತ್ತಿದ್ದ. ಯಜಮಾನರು ತಾವಾಗಿಯೇ ಕುರ್ಚಿ ಎಳೆದುಕೊಂಡು ನನ್ನ ಪಕ್ಕಕ್ಕೆ ಬಂದರು. ಎಷ್ಟಾದರೂ ಅವರ ಯಂತ್ರ.

ಕಂಟ್ರೋಲ್ ಪ್ಯಾನೆಲ್ ಒಳಗೆ ಹೋದೆ. ಅಲ್ಲಿ ಉದ್ದಕ್ಕೆ ಹೆಸರುಗಳು. ಅಂಗಡಿ ಇದ್ದ ಕಾಲದಲ್ಲಿ ಟೀ ಕುಡಿದು ಹೋದವರೆಲ್ಲ ತಮ್ಮ ತಮ್ಮ ಆಳನ್ನು ಇಲ್ಲಿ ಬಿಟ್ಟು ಹೋಗಿದ್ದರು. ಮೊದಲು ಪ್ರಿಂಟರಿನದಕ್ಕೆ ಕೈಹಾಕಿದೆ. ಅನ್‌ಇನ್‌ಸ್ಟಾಲ್ ಒತ್ತಿದೆ. ಅದು ಹೇಳುತ್ತದೆ, ತೆಗೆಯುವ ಮೊದಲು ದಯವಿಟ್ಟು ಪ್ರಿಂಟರನ್ನು ಜೋಡಿಸಿ, ಆನ್ ಮಾಡಿ ಅಂತ. ಎಲ್ಲಿಂದ ತರಲಿ? ಗುಜರಿಯವನ ಮನೆ ಹುಡುಕಿಕೊಂಡು ಹೋಗಿ ಬಕೆಟ್ಟನ್ನು ತಂದು ಕಂಪ್ಯೂಟರಿಗೆ ಜೋಡಿಸಲೇ? ಜೋರಾಗಿಯೇ ಹೇಳಿದೆ ಅನ್ನಿಸುತ್ತದೆ. ಮೈದುನ ಅವರೆಕಾಯಿ ಬಿಟ್ಟು ತಲೆ ಎತ್ತಿ ನೋಡಿದ. ಕೊನೆಗೆ ಆ ಪ್ರಶ್ನೆಯನ್ನು ಮುಚ್ಚಿ, ಮತ್ತೆ ತೆರೆದು, ಇನ್ನೊಂದು ದಾರಿಯಲ್ಲಿ ಹೋಗಿ ಅದನ್ನು ಕಿತ್ತೆ.

ಸ್ಕ್ಯಾನರಿನದು ಅದಕ್ಕಿಂತ ಭಂಡ. ನನ್ನನ್ನು ತೆಗೆಯುವ ಭಾಗ ಹಳೆಯದಾಗಿದೆ, ಮೊದಲು ಅದನ್ನು ಅಪ್‌ಡೇಟ್ ಮಾಡಿ, ಆಮೇಲೆ ತೆಗೆಯಿರಿ ಅಂದಿತು. ಹೊರಗೆ ಹೋಗು ಅಂದರೆ ಹೊಸ ಚಪ್ಪಲಿ ಕೊಡಿಸು, ಹೋಗುತ್ತೇನೆ ಅನ್ನುವ ನೆಂಟನನ್ನು ನಾನು ಇದೇ ಮೊದಲು ನೋಡಿದ್ದು. ಕೊಡಿಸಿದೆ. ಚಪ್ಪಲಿ ಹಾಕಿಕೊಂಡು, ಕಂಪ್ಯೂಟರನ್ನು ಒಮ್ಮೆ ಆರಿಸಿ ಹಚ್ಚಿದ ಮೇಲೆ ಹೋಯಿತು. ವೈರಸ್ ಕಾಯುವವನು ಯಾಕೆ ಬಿಟ್ಟು ಹೋಗುತ್ತಿದ್ದೀರಿ, ನಮ್ಮಿಂದ ಏನು ತಪ್ಪಾಯಿತು ಅಂತ ಕಾರಣ ಕೇಳಿದ. ಕಾರಣ ಬರೆಯುವುದಕ್ಕೆ ಜಾಗವನ್ನೂ ಕೊಟ್ಟಿದ್ದ. ನಿನ್ನಿಂದ ಒಬ್ಬ ಮನುಷ್ಯನ ಮಾತು ಗಂಟಲಲ್ಲೇ ನಿಂತಿದೆ ಅಂತ ಬರೆಯಹೊರಟವಳು ಬೇಡವೆಂದು ಬಿಟ್ಟೆ. ಹಾಡಿನದು ಹೋಗಿದ್ದೇನೆ ಅಂತ ಹೇಳಿ, ಕಂಪ್ಯೂಟರು ಮತ್ತೆ ಎದ್ದಾಗ ಮೂಲೆಯಲ್ಲಿ ತಾನೂ ಎದ್ದು ಟಿಣ್ ಅಂದಿತು. ಅದನ್ನು ಬೇರೆ ಕಡೆ ಹುಡುಕಿ ಹುಡುಕಿ ಅಳಿಸಬೇಕಾಯಿತು. ಕಾಫಿ ಆರಿ ತಣ್ಣಗಾಯಿತು, ನನ್ನ ಬೆನ್ನು ಸೆಟೆದುಕೊಂಡಿತು.

ಆದರೂ ಒಂದು ಹೇಳಬೇಕು. ಪ್ರತಿಯೊಂದರ ಮೇಲೆ ಬಾಣದ ಗುರುತು ಇಟ್ಟಾಗ ಯಜಮಾನರು, “ತಗಿ,” ಅನ್ನುತ್ತಿದ್ದರು. ನಾನು ತೆಗೆಯುತ್ತಿದ್ದೆ. “ತಗಿ.” ತೆಗೆದೆ. ಮದುವೆಯಾದ ಮೇಲೆ ನಾವಿಬ್ಬರೂ ಜಗಳವಿಲ್ಲದೆ ಒಂದೇ ಮಾತಿನ ಮೇಲೆ ಅಷ್ಟು ಹೊತ್ತು ಕೆಲಸ ಮಾಡಿದ್ದು ಬೇರೆ ನೆನಪಿಲ್ಲ. ನನಗೆ ಹುರುಪು ಬಂದುಬಿಟ್ಟಿತು. ನೋಡದೆ, ಓದದೆ ಒಂದರ ಹಿಂದೆ ಒಂದನ್ನು ಒತ್ತತೊಡಗಿದೆ.

ಕೊನೆಯ ಕಡೆಗೆ ಒಂದು ಬಂತು. ಹೊಸ ವಿನ್ಯಾಸಗಳು ಬಂದಿವೆ ಅಂತ ಪಾಠದ ಮಧ್ಯೆ ಬಹಳ ಕಾಡುತ್ತಿದ್ದದ್ದು ಅದೇ. ಬಾಣ ಅದರ ಮೇಲೆ ಹೋದದ್ದೇ ತಡ ಯಜಮಾನರು ಮುಂದಕ್ಕೆ ಬಗ್ಗಿದರು. “ತಗಿ.” ಒತ್ತಿದೆ. “ತಗಿ, ತಗಿ.” ಇದರೊಂದಿಗೆ ಸೇರಿದ್ದೆಲ್ಲವನ್ನೂ ತೆಗೆಯಲೇ ಅಂತ ಅದು ಕೇಳಿತು. “ತಗಿ,” ಅಂತ ಯಜಮಾನರು ಇನ್ನೂ ಜೋರಾಗಿ ಅಂದರು. ಹೂಂ, ಎಲ್ಲವನ್ನೂ ತೆಗೆ ಅಂತ ಒತ್ತಿದೆ. ಹಸಿರು ಪಟ್ಟಿ ಓಡಲು ಶುರುವಾಯಿತು. ಆಗ ಅವರು ಎಡಗೈಯನ್ನು ಮೇಜಿನ ಮೇಲೆ ಬಡಿದರು. ನನ್ನ ಕೈಯಿಂದ ಮೌಸನ್ನು ಕಿತ್ತುಕೊಳ್ಳಲು ಬಂದರು. “ತಗೀತಾ ಇದೀನಲ್ರೀ,” ಅಂತ ನಾನು ಅವರ ಕೈ ಸರಿಸಿದೆ. ಪಟ್ಟಿ ತುಂಬಿತು. ಮುಗಿಯಿತು ಅಂತ ಬಂತು. ಅವರು ನನ್ನನ್ನು ಒಂದು ಸಲ ನೋಡಿ, ಮುಖವನ್ನು ಗೋಡೆ ಕಡೆ ತಿರುಗಿಸಿಕೊಂಡರು.

ಮೈದುನ ಅವರೆಕಾಯಿಯ ಮೊರ ಕೆಳಗಿಟ್ಟು ಎದ್ದು ಬಂದ. ಅಣ್ಣನ ಮುಖ ನೋಡಿದ, ಪರದೆ ನೋಡಿದ. “ಅತ್ಗೆ, ಅದು ಮದ್ವೆ ಕಾರ್ಡ್ ಮಾಡೋದಲ್ವಾ? ಅಂಗ್ಡೀಲಿ ನಾನು ನೋಡಿವ್ನಿ. ಅಣ್ಣ ಅದನ್ನ ತಗ್ದು ತೋರ್ಸು ಅಂತ ಅಂದನೇನೋ.”

ಹೌದು. ಅದು ಬರೀ ಅಪ್‌ಡೇಟರ್ ಅಲ್ಲ. ಅದರ ಹಿಂದೆ ಅವರು ಲಗ್ನಪತ್ರಿಕೆ ಮಾಡುತ್ತಿದ್ದ ತಂತ್ರಾಂಶವೇ ಇತ್ತು. ಅವರು ಅಷ್ಟು ಹೊತ್ತಿಗೆ ತೆಗೆಯುವುದನ್ನು ಬಿಟ್ಟು ತೆರೆಯುವುದಕ್ಕೆ ಬಂದಿದ್ದರು. ನಾನು ಗಡಿಬಿಡಿಯಿಂದ ಅವರ ಕಾರ್ಡುಗಳಿದ್ದ ಫೋಲ್ಡರ್ ತೆರೆದು ನೋಡಿದೆ. ಕಾರ್ಡುಗಳೆಲ್ಲ ಇದ್ದವು. ಆದರೆ ಒಂದೊಂದರ ಗುರುತೂ ಬಿಳಿ ಹಾಳೆಯಾಗಿತ್ತು. ಒತ್ತಿದರೆ ಇದನ್ನು ಯಾವುದರಿಂದ ತೆರೆಯಬೇಕೋ ಗೊತ್ತಿಲ್ಲ ಅಂತ ಉತ್ತರ. ಮತ್ತೆ ಹಾಕೋಣ ಅಂದರೆ ಅದರ ಸಿ.ಡಿ. ಎಲ್ಲಿದೆಯೋ, ಅದನ್ನು ಮಾಡಿದವರೇ ಈಗ ಅದನ್ನು ಕೊಡುತ್ತಿಲ್ಲ.

“ಏನು ನೋಡಬೇಕಿತ್ರೀ? ಯಾರ ಮದುವೆದು? ನಮ್ಮದಾ? ನಿಮ್ಮ ತಂಗಿದಾ? ಕಾರ್ಡಾ? ಬೇರೆ ಏನಾದರೂ ಬರೆದಿಟ್ಟಿದ್ದಿರಾ?” ನಾನು ಒಂದೊಂದಾಗಿ ಕೇಳಿದೆ. ತಲೆ ಆಡಿಸಿದರೆ ಸಾಕಿತ್ತು. ಅವರು ಆಡಿಸಲಿಲ್ಲ. ಗೋಡೆ ನೋಡುತ್ತಾ ಕೂತರು. ಏನನ್ನು ತೋರಿಸಬೇಕೆಂದಿದ್ದರೋ ನನಗೆ ಇವತ್ತಿಗೂ ಗೊತ್ತಿಲ್ಲ. ಎರಡು ದಿನ ತಗಿ ಅನ್ನುವ ಮಾತೂ ಆ ಬಾಯಿಂದ ಬರಲಿಲ್ಲ. ಅಷ್ಟು ದಿನ ನನ್ನ ತಲೆ ತಿಂದಿದ್ದ ಮಾತು ಯಾವಾಗ ಬರುತ್ತದೋ ಅಂತ ಕಿವಿ ಕೊಟ್ಟುಕೊಂಡು ಓಡಾಡಿದೆ.

ಮಂಗಳವಾರ ಹೆಡ್‌ಮಾಸ್ಟರ ಕಾಲು ಹಿಡಿಯುವಷ್ಟು ಕೇಳಿಕೊಂಡು ರಜೆ ಹಾಕಿದೆ. ಈ ಸಲ ಪಾಠಕ್ಕೆ ನಾನೇ ಇರಬೇಕಿತ್ತು. ಕಂಪ್ಯೂಟರು ಹಚ್ಚಿದೆ. ಎಷ್ಟು ಬೇಗ ಎದ್ದಿತು ಅಂದರೆ ನನಗೇ ನಂಬಿಕೆ ಬರಲಿಲ್ಲ. ಫ್ಯಾನಿನ ಸದ್ದಿಲ್ಲ. ಮೂಲೆಯಲ್ಲಿ ಒಂದು ಚುಕ್ಕೆಯೂ ಇಲ್ಲ. ಮಾತಿನ ಮೇಡಂ ಮುಖ ಪರದೆ ತುಂಬ ಸ್ವಚ್ಛವಾಗಿ ಬಂತು, ಹಣೆಯ ಮೇಲಿನ ಬೆವರಿನ ಹನಿಯೂ ಕಾಣುತ್ತಿತ್ತು. “ತುಂಬಾ ಚೆನ್ನಾಗಿ ಬರ್ತಿದೆ ಮೇಡಂ, ಏನು ಮಾಡಿದ್ರಿ?” ಅಂತ ಅವರೂ ಖುಷಿಪಟ್ಟರು. ನಾನು ದೊಡ್ಡ ಸಾಧನೆ ಮಾಡಿದವಳ ಹಾಗೆ ಎಲ್ಲ ಹೇಳಿಕೊಂಡೆ. ಯಜಮಾನರು ನನ್ನ ಕಡೆ ನೋಡಲಿಲ್ಲ.

ಮೇಡಂ ಛತ್ರಿಯ ಚಿತ್ರ ಎತ್ತಿ ಹಿಡಿದರು. ಕಪ್ಪು ಛತ್ರಿ, ಹಿಡಿ ಕಾಣುವ ಹಾಗೆ, ಪೂರ್ತಿಯಾಗಿ. “ಇದೇನು ಸರ್? ನಿಧಾನವಾಗಿ. ಅವಸರವಿಲ್ಲ,” ಅಂದರು. ನನಗೆ ಸುಮ್ಮನಿರಲು ಸನ್ನೆ ಮಾಡಿದರು.

ಯಜಮಾನರು ಬಾಯಿ ತೆರೆದರು. ಗಂಟಲಿನ ನರ ಉಬ್ಬಿತು. ತುಟಿ ಮುಂದೆ ಬಂತು, ಹಿಂದೆ ಹೋಯಿತು. ಯಾವ ಚೌಕವೂ ಬರಲಿಲ್ಲ. ಯಾವ ಸದ್ದೂ ಆಗಲಿಲ್ಲ. ಛತ್ರಿ ಅಲ್ಲೇ ಇತ್ತು, ಮೇಡಂ ಅಲ್ಲೇ ಇದ್ದರು, ಕರೆಂಟಿತ್ತು, ನೆಟ್ಟಿತ್ತು. ಎಲ್ಲ ಸರಿಯಾಗಿತ್ತು. ಮಾತು ಬರಲಿಲ್ಲ.

ಮೇಡಂ ಕಾದರು. ನಾನು ಕಾದೆ. ಒಂದು ಸಲ ನಾನೇ ಆ ಬಲಮೂಲೆ ನೋಡಿದೆ, ಏನಾದರೂ ಬಂದು ಅಡ್ಡ ನಿಲ್ಲಬಾರದೇ ಅಂತ. ಅಷ್ಟು ದಿನವೂ ಪ್ರಿಂಟರಿನ ಮೇಲೆ, ಸ್ಕ್ಯಾನರಿನ ಮೇಲೆ, ಮೈದುನನ ಮೇಲೆ ಸಿಟ್ಟು ಮಾಡಿಕೊಂಡಿದ್ದೆನಲ್ಲ, ಇನ್ನು ಸಿಟ್ಟು ಮಾಡಿಕೊಳ್ಳಲು ಅಲ್ಲಿ ಯಾರೂ ಉಳಿದಿರಲಿಲ್ಲ. ಮಾತನ್ನು ತಡೆದಿದ್ದದ್ದು ಆ ಚೌಕಗಳಲ್ಲ ಅಂತ ನನಗೆ ಮೊದಲೇ ಗೊತ್ತಿತ್ತೋ ಏನೋ. ಗೊತ್ತಿದ್ದರೂ ಅವೇ ಅಂದುಕೊಳ್ಳುವುದು ಎಷ್ಟೋ ಸಲೀಸಾಗಿತ್ತು. ಅಳು ಬಂತು. ಅವರಿಗೆ ಕಾಣದಿರಲಿ ಅಂತ ಕನ್ನಡಕ ತೆಗೆದು ಒರೆಸುವ ನಾಟಕ ಮಾಡಿದೆ.

ಯಜಮಾನರು ಛತ್ರಿಯಿಂದ ಕಣ್ಣು ತೆಗೆದು ನನ್ನ ಮುಖ ನೋಡಿದರು. ಆ ಭಾನುವಾರದ ನಂತರ ಮೊದಲ ಸಲ ನೋಡಿದರು. ತುಟಿಗಳು ಕೂಡಿಕೊಂಡವು.

“ಬುಡು,” ಅಂದರು.

ಮೇಡಂ ಚಿತ್ರವನ್ನು ಕೆಳಗಿಳಿಸಿದರು. “ಏನೋ ಅಂದ್ರಲ್ಲ ಮೇಡಂ? ಅದು ಪದವಾ? ಸದ್ದಾ?”

“ಪದವೇ ಮೇಡಂ. ಬಿಡು ಅಂತಿದ್ದಾರೆ.”

“ಹೊಸ ಪದ!” ಅಂದರು ಅವರು. ಮುಖ ಪೂರ್ತಿ ಅರಳಿತ್ತು. “ಸರ್, ತುಂಬಾ ಚೆನ್ನಾಗಿ ಹೇಳಿದ್ರಿ. ಏನನ್ನ ಬಿಡಬೇಕು? ತೋರಿಸಿ ನೋಡೋಣ.”

ಯಜಮಾನರು ಎಡಗೈಯನ್ನು ಮೆಲ್ಲಗೆ ಎತ್ತಿದರು. ಕಂಪ್ಯೂಟರಿನ ಕಡೆ ತೋರಿಸಲಿಲ್ಲ. ಛತ್ರಿ ಇದ್ದ ಕಡೆಗೂ ತೋರಿಸಲಿಲ್ಲ. ಅಂಗೈಯನ್ನು ತಮ್ಮ ಎದೆಯ ಮೇಲೆ ಇಟ್ಟುಕೊಂಡು, ನನ್ನನ್ನೇ ನೋಡುತ್ತ, ಇನ್ನೊಂದು ಸಲ ಸ್ಪಷ್ಟವಾಗಿ, “ಬುಡು,” ಅಂದರು.

ಇದಕ್ಕೆ ಮಾತ್ರ ಎರಡು ಅರ್ಥವಿರಲಿಲ್ಲ. ಮೇಡಂ ಇನ್ನೂ ನಗುತ್ತಲೇ ನನ್ನ ಉತ್ತರಕ್ಕೆ ಕಾಯುತ್ತಿದ್ದರು. ನಾನು ಕನ್ನಡಕ ಹಾಕಿಕೊಂಡೆ. ಶಾಲೆಯಲ್ಲಿ ಮಕ್ಕಳ ಬಾಯಿಂದ ತಿದ್ದಿ ತಿದ್ದಿ ಓಡಿಸುವ, ನಮ್ಮವ್ವ ಜಗಳಕ್ಕೆ ನಿಂತಾಗ ಆಡುತ್ತಿದ್ದ ಮಾತು ನನ್ನ ಬಾಯಿಗೆ ಬಂತು.

“ಬುಡಾಕಿಲ್ಲ, ಓಗ್ರೀ,” ಅಂದೆ.